ಹಿಂದಿನ ಸೀಟಿನ ವಾಸನೆ

೯ ಮಾರ್ಚ್ ೨೦೦೮, ರವಿವಾರ

ವಾರದಿಂದ ಹಾಸಿಗೆ ಹಿಡಿಸಿದ್ದ ನೆಗಡಿ ಇವತ್ತು ಬಿಟ್ಟಿತು. ಇನ್ನೊಂದು ದಿನ ಮನೆಯಲ್ಲಿದ್ದಿದ್ದರೆ ಅಕ್ಕ ಬೀಬಿಜಾನ ನನ್ನನ್ನು ಕಷಾಯದ ಬೋಗುಣಿಯಲ್ಲೇ ಮುಳುಗಿಸುತ್ತಿದ್ದಳು. ಅದಕ್ಕೇ ಅತ್ತರಿನ ಪೆಟ್ಟಿಗೆಯನ್ನು ಗಾಡಿಯಲ್ಲಿಟ್ಟು ನರಗುಂದ ಬಿಟ್ಟು ರೋಣಕ್ಕೆ ಹೋಗಿ ಬಂದೆ. ವ್ಯಾಪಾರ ಅಷ್ಟಕ್ಕಷ್ಟೇ. ನಮ್ಮ ಫಿಯೆಟ್ ಮಾತ್ರ ದಾರಿಯಲ್ಲಿ ಕೆಮ್ಮಿ, ಸೀನಿ, ನನ್ನ ನೆಗಡಿಯನ್ನು ತಾನು ಹಚ್ಚಿಕೊಂಡಂತೆ ಆಡಿತು.

ರೋಣದ ಮೆಕ್ಯಾನಿಕ್ ಸಿದ್ದರಾಮೇಶ ಬಾನೆಟ್ ಎತ್ತಿ ನೋಡಿ ಹಣೆಗೆ ಕೈ ಹಚ್ಚಿಕೊಂಡ. "ಸಾಬ್ರ, ಈ ಗಾಡಿ ಪೆಟ್ರೋಲ್ ಕುಡಿಯಂಗಿಲ್ರಿ, ಪೆಟ್ರೋಲ್‌ನ್ಯಾಗ ಜಳಕಾ ಮಾಡ್ತೈತಿ. ಒಂದ ಗ್ಯಾಸ್ ಕಿಟ್ ಹಾಕಸ್ರಿ, ಇಲ್ಲಂದ್ರ ಗುಜರಿಗೆ ಕೊಡ್ರಿ."

ಗುಜರಿ ಎಂದವನನ್ನು ಅಲ್ಲೇ ಬೈದು ಬಂದೆ. ಆದರೆ ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ. ಮಗಳು ಜಹೀದಾಳಿಗೆ ಈಗ ಮೂರು ತಿಂಗಳು. ಹಿಂದೆ ಎರಡು ಬಸುರು ನಿಲ್ಲಲಿಲ್ಲ. ಹುಬ್ಬಳ್ಳಿಯ ಡಾಕ್ಟರಮ್ಮ ಈ ಸಲ ಹದಿನೈದು ದಿನಕ್ಕೊಮ್ಮೆ ಕರೆತರಬೇಕು, ಬಸ್ಸಿನಲ್ಲಿ ಕುಲುಕಾಡಿಸಬಾರದು ಎಂದು ಕಟ್ಟುನಿಟ್ಟಾಗಿ ಹೇಳಿದ್ದಾರೆ. ಅಳಿಯ ವಸೀಮನಿಗೆ ಗಜೇಂದ್ರಗಡದಲ್ಲಿ ಅರಿವೆ ಅಂಗಡಿ ಇದೆ, ಗಾಡಿ ಎಂದರೆ ಒಂದು ಸ್ಕೂಟರ್. ಹೆರಿಗೆಯವರೆಗೂ ಅವಳು ಇಲ್ಲಿಗೆ ಬಂದು ಇರಲಿ ಎಂದು ನಾನೇ ಹೇಳಿದ್ದೇನೆ. ಆಡಿದ ಮೇಲೆ ಗಾಡಿ ಓಡಬೇಕು.

ಬರೆಯಬೇಕಾದದ್ದು ಇದಲ್ಲ. ತಿರುಗಿ ಬರುವಾಗ ಸವಡಿ ದಾಟಿದ ಮೇಲೆ ದೂಳಿಗೆಂದು ಕಿಟಕಿಯ ಕಾಜು ಏರಿಸಿದೆ. ಆಗ ಗಾಡಿಯೊಳಗೆ ಸುಗರಾಳ ವಾಸನೆ ಬಂತು.

ಅತ್ತರಿನವನ ಹೆಂಡತಿ ಅತ್ತರು ಹಚ್ಚುವಂತಿಲ್ಲ. ನಮ್ಮ ಮನೆತನದ ಕಟ್ಟಳೆ ಅದು. ದಿನವಿಡೀ ಗುಲಾಬ, ಖಸ್, ಹೀನಾ ಮೂಸಿ ಮೂಗು ದಣಿದಾಗ ಅದನ್ನು ತೊಳೆದುಕೊಳ್ಳಲು ಏನಾದರೂ ಬೇಕು. ಅಪ್ಪ ಅಂಗಿಯ ತೋಳು ಮೂಸುತ್ತಿದ್ದ. ನಾನು ಮನೆಗೆ ಬಂದು ಸುಗರಾಳ ಸೆರಗು ಮೂಸುತ್ತಿದ್ದೆ. ಮೆಂತ್ಯ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ, ಒಣಗಿದ ಮದರಂಗಿ, ಅವುಗಳ ಕೆಳಗೆ ಅವಳದೇ ಆದ ಏನೋ ಒಂದು. ಆ ಏನೋ ಒಂದರ ಹೆಸರು ನನ್ನ ಪೆಟ್ಟಿಗೆಯಲ್ಲಿಲ್ಲ.

ಹೋದ ವರ್ಷ ಹೊಳೆ ಬಂದಾಗ ಅವಳನ್ನು ಬಾಗಲಕೋಟೆಯ ದವಾಖಾನೆಗೆ ಒಯ್ಯುತ್ತಿದ್ದೆ. ಕೊಣ್ಣೂರಿನ ಸೇತುವೆಯ ಮೇಲೆ ನೀರು ಹರಿಯುತ್ತಿತ್ತು. ಪೊಲೀಸರು ಬಿಡಲಿಲ್ಲ. ಇಳಿದೀತು ಎಂದು ಕಾದೆವು. ಅವಳು ಕಾಯಲಿಲ್ಲ. ಅದೇ ಹಿಂದಿನ ಸೀಟಿನಲ್ಲಿ ಹೋದಳು.

ಇವತ್ತು ಗಾಡಿಯನ್ನು ರಸ್ತೆಯ ದಂಡೆಗೆ ಹಚ್ಚಿ ಕೂತೆ. ಹಿಂದೆ ನೋಡಲು ಧೈರ್ಯ ಸಾಲಲಿಲ್ಲ. ಹೆದರಿಕೆಯೋ ಸಂತೋಷವೋ, ಎರಡೂ ಕೂಡಿಯೇ ಇದ್ದವು.

೧೪ ಮಾರ್ಚ್, ಶುಕ್ರವಾರ

ಅಕ್ಕನ ಜೊತೆ ಜಗಳ. ಅಡಿಗೆಗೆ ರುಚಿಯೇ ಇಲ್ಲ. ಸಾರು ಬಿಸಿ ನೀರು, ಪಲ್ಯ ಬೇಯಿಸಿದ ಹತ್ತಿ. ಬಳ್ಳೊಳ್ಳಿ ಹಾಕುವುದನ್ನು ಬಿಟ್ಟೆಯಾ ಎಂದು ಕೇಳಿದೆ. "ಒಂದ ಗಡ್ಡಿ ಪೂರಾ ಜಜ್ಜಿ ಹಾಕೀನಿ, ಓಣಿ ತುಂಬ ಘಮ್ಮನ್ನಾಕತ್ತೈತಿ. ನಿನ್ನ ನಾಲಿಗಿಗೆ ಏನ್ ಬಡದೈತಿ?" ಎಂದಳು. ವಯಸ್ಸಾದವರ ಜೊತೆ ವಾದ ಮಾಡಬಾರದು.

ನಮಾಜಿನ ನಂತರ ಗಾಡಿಯಲ್ಲಿ ಸ್ವಲ್ಪ ಹೊತ್ತು ಕೂತೆ. ಎಲ್ಲಿಗೂ ಹೋಗಲಿಲ್ಲ. ವಾಸನೆ ಇತ್ತು.

೨೩ ಮಾರ್ಚ್, ರವಿವಾರ

ಗಜೇಂದ್ರಗಡದಲ್ಲಿ ಒಬ್ಬ ಗಿರಾಕಿ ಹೋದ ಸಲ ಒಯ್ದ ಬಾಟಲಿಯನ್ನು ನನ್ನ ಮುಂದೆ ಕುಕ್ಕಿದ. ಗುಲಾಬ ಕೇಳಿದ್ದರೆ ಖಸ್ ಕೊಟ್ಟಿದ್ದೇನಂತೆ, ಮದುವೆ ಮನೆಯಲ್ಲಿ ಅವನ ಮರ್ಯಾದೆ ಹೋಯಿತಂತೆ. ತೆರೆದು ಮೂಸಿದೆ. ಗುಲಾಬ ಎಂದೇ ಇಟ್ಟದ್ದು, ಗುಲಾಬವೇ ಇದ್ದೀತು. ಸುಮ್ಮನೆ ರಂಪ ಬೇಡವೆಂದು ಬದಲಿಸಿ ಕೊಟ್ಟೆ. ಅವನು ಅದನ್ನೂ ಮೂಸಿ ನನ್ನನ್ನು ವಿಚಿತ್ರವಾಗಿ ನೋಡಿ, ತಾನೇ ಪೆಟ್ಟಿಗೆಗೆ ಕೈಹಾಕಿ ಬೇರೊಂದು ಆರಿಸಿಕೊಂಡ. ಅಪ್ಪನ ಕಾಲದಿಂದ ಈ ಮೂಗನ್ನು ನಂಬಿ ಮೂರು ತಾಲೂಕು ಅತ್ತರು ಹಚ್ಚಿದೆ, ಈಗ ಇವನು ಬಂದ ಪರೀಕ್ಷೆ ಮಾಡಲು!

ಬರುವಾಗ ಜಕ್ಕಲಿಯ ಬಳೆಗಾರ್ತಿ ಸಕ್ಕೂಬಾಯಿಯನ್ನು ಹತ್ತಿಸಿಕೊಂಡೆ. ಪರಿಚಯದ ಹೆಣ್ಣುಮಗಳು, ತಲೆಯ ಮೇಲೆ ಬಳೆ ಮಲಾರ. ಹಿಂದಿನ ಬಾಗಿಲು ತೆರೆದು ಹತ್ತಿದವಳು ಸೀಟಿನ ತುದಿಗೆ ಮುದುಡಿ ಕೂತಳು. ಆರಾಮಾಗಿ ಕೂಡಬಾರದೇ ಎಂದೆ.

"ಇಲ್ಲೇ ಚಲೋ ಐತ್ರಿ. ಆ ಕಡೆ ಬೆಚ್ಚಗ ಐತಿ. ಈಗರ ಯಾರೋ ಎದ್ದ ಹೋದಂಗ."

ಅವಳನ್ನು ಇಳಿಸಿದ ಮೇಲೆ ನಾನೂ ಕೈಯಿಟ್ಟು ನೋಡಿದೆ. ಎಡಗಡೆ, ಸುಗರಾ ತಲೆಯಿಟ್ಟಿದ್ದ ಕಡೆ ಬೆಚ್ಚಗಿತ್ತು. ಬಲಗಡೆ ತಣ್ಣಗಿತ್ತು.

೮ ಏಪ್ರಿಲ್, ಮಂಗಳವಾರ

ಜಹೀದಾ ಬಂದಳು. ಮನೆಗೆ ಒಂದು ಕಳೆ ಬಂತು. ಅವಳ ಮುಖ ಬಿಳಿಚಿದೆ, ನಗು ಮಾತ್ರ ಅವಳ ತಾಯಿಯದೇ. ಅಕ್ಕ ಆಗಲೇ ದೃಷ್ಟಿ ತೆಗೆದು ಗಲಾಟೆ ಎಬ್ಬಿಸಿದ್ದಾಳೆ.

ದಾರಿಯಲ್ಲಿ ಬರುವಾಗ ತಡೆಯಲಾರದೆ ಕೇಳಿದೆ. "ಗಾಡ್ಯಾಗ ಏನರ ವಾಸನಿ ಬರಾಕತ್ತೈತೇನ್ ಬೇಟಾ?"

"ಹಳೇ ರೆಕ್ಸಿನ್ ವಾಸನಿ, ಅಬ್ಬಾ. ಮತ್ತ ಪೆಟ್ರೋಲ್‌ದು. ಯಾಕ?"

"ನಿಮ್ಮ ಅಮ್ಮಿದು?"

ಅವಳು ತಿರುಗಿ ಹಿಂದಿನ ಸೀಟನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಇಲ್ಲ ಎಂದು ಮೆಲ್ಲಗೆ ಹೇಳಿ ನನ್ನ ತೋಳಿನ ಮೇಲೆ ಕೈಯಿಟ್ಟಳು. ನನಗೆ ಸಿಟ್ಟು ಬಂತು. ಹೆತ್ತ ತಾಯಿಯ ವಾಸನೆ ವರ್ಷ ತುಂಬುವುದರೊಳಗೆ ಮರೆತುಹೋಗುತ್ತದೆಯೇ?

೨೦ ಏಪ್ರಿಲ್, ರವಿವಾರ

ಗ್ಯಾಸ್ ವಿಚಾರ ಕೇಳಲೆಂದೇ ಸಿದ್ದರಾಮೇಶನಲ್ಲಿಗೆ ಹೋದೆ. ಹುಬ್ಬಳ್ಳಿಯಿಂದ ಕಿಟ್ ತಂದು ಅವನೇ ಹಾಕುತ್ತಾನೆ. ಡಿಕ್ಕಿಯಲ್ಲಿ ಟ್ಯಾಂಕು ಕೂಡುತ್ತದೆ, ಅಲ್ಲಿಂದ ಕೊಳವೆ ಎಂಜಿನ್ನಿಗೆ ಹೋಗುತ್ತದೆ. ಸ್ಟೇರಿಂಗಿನ ಪಕ್ಕ ಒಂದು ಸ್ವಿಚ್ಚು, ಬೇಕೆಂದಾಗ ಪೆಟ್ರೋಲು, ಬೇಕೆಂದಾಗ ಗ್ಯಾಸು. ಸರಕಿಗೆ ನಾನು ಹೇಗೂ ಹುಬ್ಬಳ್ಳಿಗೆ ಹೋಗುವವನು, ಅಲ್ಲಿಯೇ ತುಂಬಿಸಿಕೊಂಡು ಬರಬಹುದು. ಎಲ್ಲ ಕೇಳಲು ಚೆನ್ನಾಗಿಯೇ ಇತ್ತು.

"ಖರೇ, ಹಿಂದಿನ ಸೀಟ್ ಕಿತ್ತಬೇಕಾಕ್ಕೈತಿ ನೋಡ್ರಿ. ಒಳಗಿನ ನಾರು ಕೊಳತು ಹುಡಿ ಆಗೈತಿ. ಅದನ್ನ ಒಗದು ಹೊಸಾ ಫೋಮ್ ಹಾಕೂಣ."

ಆ ಸೀಟಿಗೆ ಕೈ ಹಚ್ಚಿದರೆ ಕೈ ಮುರಿಯುತ್ತೇನೆ ಎಂದೆ. ಅವನು ನಗೆಚಾಟಿಗೆ ಹೇಳಿದ್ದೆಂದು ನಕ್ಕ. ಆಮೇಲೆ ನಗುವುದನ್ನು ನಿಲ್ಲಿಸಿದ. ಸೀಟು ಬೆಚ್ಚಗಿರುವುದನ್ನು ಹೇಳಿದ್ದಕ್ಕೆ ಕೆಳಗೆ ಸೈಲೆನ್ಸರ್ ಹಾದುಹೋಗಿದೆ, ಅದರ ಕಾವು ಎಂದ. ಇರಬಹುದು. ಮೆಕ್ಯಾನಿಕ್‌ಗಳಿಗೆ ಎಲ್ಲಕ್ಕೂ ಒಂದು ಕೊಳವೆ ಸಿಗುತ್ತದೆ.

ಅವನಿಗೆ ಹೇಗೆ ಹೇಳಲಿ? ಸುಗರಾ ಇನ್ನೆಲ್ಲೂ ಇಲ್ಲ. ಮನೆಯಲ್ಲಿ ಅವಳ ಸೀರೆಗಳಿವೆ, ಮೂಸಿದರೆ ಬರೀ ಬಟ್ಟೆ. ದಿಂಬಿನಲ್ಲಿ ಇಲ್ಲ, ಪೆಟ್ಟಿಗೆಯಲ್ಲಿ ಇಲ್ಲ. ಉಳಿದದ್ದು ಆ ಸೀಟಿನಲ್ಲಿ ಮಾತ್ರ. ಡಿಕ್ಕಿ ತುಂಬ ಗ್ಯಾಸ್ ಇಟ್ಟರೆ ಅಷ್ಟನ್ನೂ ಓಡಿಸಿದಂತೆ.

೧೧ ಮೇ, ರವಿವಾರ

ನಮ್ಮ ಓಣಿಯಲ್ಲಿ ಹೊಸ ಸಿಲಿಂಡರ್ ಹಚ್ಚಿದವರು ನನ್ನನ್ನು ಕರೆಯುತ್ತಾರೆ. ಮೊದಲಿನಿಂದ ಬಂದ ರೂಢಿ. ನಾನು ಒಮ್ಮೆ ಮೂಸಿ "ಆತು, ಹಚ್ಚರಿ" ಎಂದ ಮೇಲೆಯೇ ಕಡ್ಡಿ ಗೀರುವುದು. ಇವತ್ತು ಎದುರು ಮನೆಯ ಮಹೇಶ್ವರಿ ಟೀಚರ್ ಕರೆದಿದ್ದರು. ಬಗ್ಗಿ ಮೂಸಿದೆ, ಏನೂ ಇಲ್ಲ. ಚಹಾ ಕುಡಿದೇ ಹೋಗಿರಿ ಎಂದರೂ ಬಂದುಬಿಟ್ಟೆ.

ಮನೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಅವರ ಅಡಿಗೆಮನೆಯಲ್ಲಿ ಭಗ್ಗೆಂದಿತು. ಟೀಚರ್ ಕೈ ಮೇಲಿನ ಕೂದಲು ಸುಟ್ಟು, ಹುಬ್ಬು ಕಮರಿವೆ. ದೇವರು ದೊಡ್ಡವನು, ಅಷ್ಟಕ್ಕೇ ಮುಗಿಯಿತು. ನಾನು ಬಂದ ಮೇಲೆ ಅವರು ರೆಗ್ಯುಲೇಟರನ್ನು ಅಲುಗಾಡಿಸಿರಬೇಕು. ಕೇಳಿದರೆ ಇಲ್ಲ ಎನ್ನುತ್ತಾರೆ. ಗಾಬರಿಯಲ್ಲಿ ಯಾರಿಗೆ ಏನು ನೆನಪಿರುತ್ತದೆ?

ಜಹೀದಾ ಸಂಜೆಯೆಲ್ಲ ನನ್ನನ್ನೇ ನೋಡುತ್ತಿದ್ದಳು. ಊಟದ ಹೊತ್ತಿಗೆ ಒಂದು ಬಟ್ಟಲು ತಂದು ಮುಂದೆ ಹಿಡಿದು, ಕಣ್ಣು ಮುಚ್ಚಿ ಮೂಸಿ ಹೇಳಿರಿ ಎಂದಳು. ನಾನು ಏನು ಸಣ್ಣ ಹುಡುಗನೇ? ಎದ್ದು ಗಾಡಿಯಲ್ಲಿ ಹೋಗಿ ಕೂತೆ.

೫ ಜೂನ್, ಗುರುವಾರ

ಪೆಟ್ರೋಲು ಮತ್ತೆ ಏರಿತು. ಹೋದ ಸಲದ ತಪಾಸಣೆಗೆ ಈ ಖರ್ಚಿಗೆ ಹೆದರಿಯೇ ಗಾಡಿ ತೆಗೆಯದೆ, ನಿಧಾನ ಹೋಗುವ ಬಸ್ಸು ನೋಡಿ ಮುಂದಿನ ಸೀಟು ಹಿಡಿದು ಜಹೀದಾಳನ್ನು ಕರೆದೊಯ್ದಿದ್ದೆ. ಬಂದ ರಾತ್ರಿಯೇ ರಕ್ತ ಕಂಡಿತು. ಅಕ್ಕ ನನ್ನನ್ನು ಒಳಗೆ ಬಿಡಲಿಲ್ಲ. ಬಾಗಿಲ ಹೊರಗೆ ನಿಂತು ನಾನು ಅತ್ತೆ. ರಕ್ತ ನಿಂತಿತು, ಅಲ್ಲಾಹನ ದಯೆಯಿಂದ ಕೂಸು ಉಳಿಯಿತು. ಹುಬ್ಬಳ್ಳಿಯ ಡಾಕ್ಟರಮ್ಮ ಫೋನಿನಲ್ಲಿ ನನಗೆ ಬೈದದ್ದನ್ನು ಬರೆಯಲಾರೆ.

ಸತ್ತವಳ ವಾಸನೆಗಾಗಿ ಬದುಕಿದವಳನ್ನು ಬಸ್ಸಿನಲ್ಲಿ ಕುಲುಕಿಸಿದೆನಲ್ಲ! ಗ್ಯಾಸ್ ಹಾಕಿಸುವುದೇ ಸರಿ. ಸುಗರಾ ಇದ್ದಿದ್ದರೆ ಏಪ್ರಿಲ್‌ನಲ್ಲಿಯೇ ಹಾಕಿಸುತ್ತಿದ್ದಳು, ಅದೂ ನನ್ನನ್ನು ಕೇಳದೆ.

೧೫ ಜೂನ್, ರವಿವಾರ

ಆಯಿತು. ಎರಡು ದಿನ ರೋಣದಲ್ಲಿ ಗ್ಯಾರೇಜಿನ ಮುಂದೆ ಸ್ಟೂಲು ಹಾಕಿಕೊಂಡು ಕೂತಿದ್ದೆ. ಸೀಟು ಕೀಳುವಾಗ ಮುಖ ತಿರುಗಿಸಿದೆ. ಹಳೆಯ ನಾರನ್ನೆಲ್ಲ ಒಂದು ಚೀಲದಲ್ಲಿ ತುಂಬಿಸಿಕೊಂಡೆ, ಯಾಕೆ ಎಂದು ಸಿದ್ದರಾಮೇಶ ಕೇಳಲಿಲ್ಲ. ಟ್ಯಾಂಕು ಕೂಡಿಸಿ, ಕೊಳವೆ ಬಿಗಿದು, ಜೋಡಣೆ ಇದ್ದಲ್ಲೆಲ್ಲ ಸಾಬೂನಿನ ನೊರೆ ಹಚ್ಚಿ ತೋರಿಸಿದ. ಎಲ್ಲಿಯೂ ಗುಳ್ಳೆ ಏಳಲಿಲ್ಲ.

"ತಿಂಗಳಿಗೊಮ್ಮೆ ಹಿಂಗ ನೊರಿ ಹಚ್ಚಿ ನೋಡಬೇಕ್ರಿ, ಬ್ಯಾರೇದವರಾದ್ರ. ನಿಮಗ್ಯಾಕ ಬೇಕ್ರಿ ನೊರಿ? ಮೂಗ ಐತಿ. ಒಂದೀಟ ಸೋರಿದ್ರೂ ಕೊಳತ ಉಳ್ಳಾಗಡ್ಡಿ ವಾಸನಿ ಬಡೀತೈತಿ."

ಹೆಮ್ಮೆಯಿಂದ ತಲೆಯಾಡಿಸಿದೆ.

ಹೊಸ ಸೀಟಿನ ಗಾಡಿಯಲ್ಲಿ ಒಬ್ಬನೇ ಹೊರಟೆ. ಅವಳು ಹೋದಳು ಎಂದುಕೊಂಡೇ ಹೊರಟದ್ದು. ಊರು ದಾಟುವಷ್ಟರಲ್ಲಿ ಬಂದಳು. ಮೊದಲಿಗಿಂತ ದಟ್ಟವಾಗಿ, ಕುತ್ತಿಗೆಯ ಹಿಂದೆಯೇ ಬಂದು ಕೂತ ಹಾಗೆ. ಅಂದರೆ ಅವಳು ಇದ್ದದ್ದು ನಾರಿನಲ್ಲಿ ಅಲ್ಲ. ನನಗೆ ಎಷ್ಟು ಸಂತೋಷವಾಯಿತೆಂದರೆ ಗಾಡಿ ಓಡಿಸುತ್ತಲೇ ಜೋರಾಗಿ ಅವಳ ಜೊತೆ ಮಾತಾಡಿದೆ, ಪೆಟ್ರೋಲಿನಿಂದ ಹಿಡಿದು ಅಕ್ಕನ ಸಾರಿನವರೆಗೆ.

೧೬ ಜೂನ್, ಸೋಮವಾರ

ಚೀಲ ಮೂಸಿ ನೋಡಿದೆ. ಏನೂ ಇಲ್ಲ. ತಿಪ್ಪೆಗೆ ಹಾಕಿದೆ. ಮೋಡ ಕವಿದ ದಿನ, ಗಾಡಿ ಬೆಳಗಿನಿಂದ ಚಾಲೂ ಮಾಡಿಲ್ಲ. ಎಡಗಡೆ ಸೀಟು ಬೆಚ್ಚಗೇ ಇದೆ.

೬ ಜುಲೈ, ರವಿವಾರ

ಹುಬ್ಬಳ್ಳಿಗೆ ಹೋಗಿ ಬಂದೆವು. ಗ್ಯಾಸಿನ ಮೇಲೆ ಗಾಡಿ ಚೆನ್ನಾಗಿ ಓಡುತ್ತದೆ, ಏರು ಬಂದರೆ ಸ್ವಲ್ಪ ಮುನಿಸು. ತಪಾಸಣೆಯಲ್ಲಿ ಕೂಸು ಸರಿಯಾಗಿ ಬೆಳೆಯುತ್ತಿದೆ ಎಂದರು. ಡಾಕ್ಟರಮ್ಮ ನನ್ನನ್ನು ನೋಡಿ ನಕ್ಕರು ಕೂಡ.

ಬರುವಾಗ ಜಹೀದಾ ಮೂಗಿಗೆ ಸೆರಗು ಹಿಡಿದಳು. "ಅಬ್ಬಾ, ಗ್ಯಾಸ್ ವಾಸನಿ ಬರಾಕತ್ತೈತಿ."

ನಿಲ್ಲಿಸಿ, ಡಿಕ್ಕಿ ತೆರೆದು, ಟ್ಯಾಂಕಿನ ಮೇಲೆ ಬಗ್ಗಿ ಮೂಸಿದೆ. ಏನೂ ಇಲ್ಲ. ಇಲ್ಲ ಎಂದೆ. ಅವಳು ಇದೆ ಎಂದಳು. ನಾನು ದನಿ ಏರಿಸಿದೆ. ಗ್ಯಾಸಿಗೆ ಓಣಿಯವರೆಲ್ಲ ನನ್ನ ಮೂಗು ಕೇಳುತ್ತಾರೆ, ನನ್ನ ಮಗಳು ಕೇಳುವುದಿಲ್ಲ! ಕಡೆಗೆ ಅವಳೇ, "ಬಸುರಿ ಮೂಗಲ್ಲ, ಇರದಿದ್ದುದೂ ಬರತೈತೇನೋ. ನೀವ್ ಇಲ್ಲ ಅಂದ್ರ ಇಲ್ಲ ಬಿಡ್ರಿ" ಎಂದಳು. ಹೊಟ್ಟೆ ಹಿಡಿದುಕೊಂಡು ಕಾಜಿಗೆ ಆತು ಕೂತಳು.

ಮನೆಗೆ ಬಂದ ಮೇಲೆ ಅಕ್ಕ ಗಾಡಿಯ ಬಾಗಿಲು ತೆರೆದು ತಾನೂ ಅದನ್ನೇ ಹೇಳಿದಳು. ಇಬ್ಬರೂ ಮಾತಾಡಿಕೊಂಡಿದ್ದಾರೆ, ಗೊತ್ತಾಯಿತು. ಅವರಿಗೆ ಸುಗರಾ ಅಲ್ಲಿರುವುದು ಬೇಡವಾಗಿದೆ.

೨೨ ಜುಲೈ, ಮಂಗಳವಾರ

ಇಂಥ ಸುಖದ ಪ್ರಯಾಣ ಎಂದೂ ಮಾಡಿರಲಿಲ್ಲ. ಮಳೆ, ಆದ್ದರಿಂದ ಕಾಜು ಪೂರ್ತಿ ಏರಿಸಿದ್ದೆ. ಜಹೀದಾ ಹಿಂದೆ ಎಡಕ್ಕೆ ತಲೆಯಿಟ್ಟು ಮಲಗಿದಳು. ಅವಳ ತಾಯಿಯ ವಾಸನೆ ಗಾಡಿ ತುಂಬ ಹಬ್ಬಿತ್ತು. ನನಗೂ ಕಣ್ಣು ಎಳೆಯುತ್ತಿತ್ತು, ಜೋಗುಳ ಹಾಡಿದಂತೆ. ನವಲಗುಂದದ ಹತ್ತಿರ ಗಾಡಿ ಒಮ್ಮೆ ರಸ್ತೆ ಬಿಟ್ಟು ಇಳಿಯಿತು, ತಿರುಗಿ ಎಳೆದುಕೊಂಡೆ.

ಹುಬ್ಬಳ್ಳಿಯಲ್ಲಿ ಜಹೀದಾಳನ್ನು ಎಬ್ಬಿಸಲು ಬಹಳ ಹೊತ್ತು ಹಿಡಿಯಿತು. ಎದ್ದವಳು ವಾಂತಿ ಮಾಡಿಕೊಂಡು, ತಲೆ ಸಿಡಿಯುತ್ತಿದೆ ಎಂದಳು. ಏಳನೆಯ ತಿಂಗಳಲ್ಲಿ ಇದೆಲ್ಲ ಇರುವುದೇ.

೧೭ ಆಗಸ್ಟ್, ರವಿವಾರ

ಸರಕು ಕೊಡುವ ನೆಪ ಹೇಳಿ ಕೊಣ್ಣೂರಿಗೆ ಒಬ್ಬನೇ ಹೋಗಿದ್ದೆ. ಹೊಳೆ ದಂಡೆ ಮುಟ್ಟಿ ಹರಿಯುತ್ತಿದೆ, ಸೇತುವೆ ಮಾತ್ರ ತೆರೆದಿತ್ತು. ಆ ದಿನ ನಿಂತಿದ್ದ ಜಾಗದಲ್ಲಿಯೇ ನಿಲ್ಲಿಸಿ ಕಾಜು ಏರಿಸಿಕೊಂಡು ಕೂತೆ. ಉಸಿರಿನಿಂದ ಕಾಜು ಮಸುಕಾಯಿತು.

ನೀರು ನೋಡಲು ಬಂದಿದ್ದ ಒಬ್ಬ ರೈತ ಬಗ್ಗಿ ಕಾಜು ಬಡಿದ. "ಸಾಬ್ರ, ಹಿಂದಿನ ಅಕ್ಕಾರಿಗೆ ಆರಾಮಿಲ್ಲೇನ್ರಿ? ಬಾಗಲ ತಗೀರಿ, ಗಾಳಿ ಆಡಲಿ."

"ಮಲಗ್ಯಾಳ" ಎಂದೆ.

ಹಾಗೆ ಹೇಳಿದೆ. ಗಾಡಿ ತಿರುಗಿಸಿಕೊಂಡು ಬಂದೆ. ಮನೆ ಮುಟ್ಟುವವರೆಗೂ ಕನ್ನಡಿಯಲ್ಲಿ ನೋಡಲಿಲ್ಲ. ಇದನ್ನು ಯಾರಿಗೂ ಹೇಳುವುದಿಲ್ಲ.

೨೮ ಆಗಸ್ಟ್, ಗುರುವಾರ. ಹುಬ್ಬಳ್ಳಿ, ದವಾಖಾನೆ

ನಡೆದದ್ದನ್ನು ನಡೆದಂತೆ ಬರೆದಿಡುತ್ತೇನೆ.

ನಿನ್ನೆ ಮಧ್ಯಾಹ್ನ ಜಹೀದಾಳಿಗೆ ನೋವು ಸುರುವಾಯಿತು, ದಿನ ತುಂಬುವ ಮೊದಲೇ. ಅವಳನ್ನು ಹಿಂದೆ ಮಲಗಿಸಿ, ಅಕ್ಕನನ್ನು ಅವಳ ಕಾಲ ಬಳಿ ಕೂಡಿಸಿ ಹೊರಟೆ. ಮಳೆ ಹಿಡಿದಿತ್ತು. ಕಾಜು ಏರಿಸಿದೆ. ಊರು ಬಿಡುವ ಮುಂಚೆಯೇ ಜಹೀದಾ ಗ್ಯಾಸ್ ಎಂದಳು. ಅಕ್ಕ ನೀರು ಬಂದರೂ ಬರಲಿ ಎಂದು ತನ್ನ ಕಡೆಯ ಕಾಜು ಇಳಿಸಲು ನೋಡಿದಳು, ಅದರ ಹಿಡಿಕೆ ಕೈಗೇ ಬಂತು. ನಿಲ್ಲಿಸು ಎಂದಳು. ನಿಲ್ಲಿಸಿದರೆ ತಡವಾಗುತ್ತದೆ ಎಂದು ನಾನು ಚೀರಿದೆ. ತಡವಾದರೆ ಏನಾಗುತ್ತದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಜಹೀದಾ ಮತ್ತೆ ಗ್ಯಾಸ್ ಎಂದಳು, ಅಬ್ಬಾ ನಿಲ್ಲಿಸಿರಿ ಎಂದು ಅತ್ತಳು. ನನಗೆ ಸುಗರಾ ಬಿಟ್ಟರೆ ಬೇರೆ ವಾಸನೆಯೇ ಇರಲಿಲ್ಲ. ಇದ್ದಿದ್ದರೆ ಗೊತ್ತಾಗುತ್ತಿರಲಿಲ್ಲವೇ ಎನ್ನುತ್ತಲೇ ಓಡಿಸಿದೆ.

ಆಮೇಲೆ ಹಿಂದೆ ಸದ್ದಿಲ್ಲವಾಯಿತು. ನವಲಗುಂದ ಇನ್ನೂ ಕಂಡಿರಲಿಲ್ಲ. ಜಹೀದಾ ಬಹಳ ಸಮಾಧಾನದ ದನಿಯಲ್ಲಿ, ನಿದ್ದೆಗಣ್ಣಿನಲ್ಲಿ ಮಾತಾಡಿದಂತೆ ಹೇಳಿದಳು.

"ಅಬ್ಬಾ, ಅಮ್ಮಿ ವಾಸನಿ ಬರಾಕತ್ತೈತಿ."

ಮಾರ್ಚ್‌ನಿಂದ ನಾನು ಕೇಳಬೇಕೆಂದು ಕಾದಿದ್ದ ಮಾತು ಅದೇ. ಕೇಳಿದ ಕೂಡಲೇ ಕನ್ನಡಿಯಲ್ಲಿ ನೋಡಿದೆ. ಅದೇ ಸೀಟು, ಅದೇ ಕಡೆಗೆ ತಲೆ, ಅದೇ ಮಳೆ. ಇವಳಿಗೂ ಬಂತೇ? ಯಾಕೆ ಬಂತು? ಸುಗರಾ, ಇವಳು ಬೇಡ, ಇವಳನ್ನು ಕೊಡುವುದಿಲ್ಲ ಎಂದು ಬಾಯಿಬಿಟ್ಟು ಕೂಗಿದೆ. ಬ್ರೇಕು ಒತ್ತಿದ್ದು, ಕೀಲಿ ತಿರುಗಿಸಿ ಎಂಜಿನ್ ಬಂದ್ ಮಾಡಿದ್ದು, ಬಾಗಿಲು ಎಳೆದದ್ದು ನೆನಪಿಲ್ಲ. ಮಗಳನ್ನು ಎರಡೂ ತೋಳಲ್ಲಿ ಎತ್ತಿ ಮಳೆಯಲ್ಲಿ ಹೊಲದ ಬದುವಿನವರೆಗೆ ಓಡಿದೆ. ಅಕ್ಕ ಕೆಮ್ಮುತ್ತ, ತಡವರಿಸುತ್ತ ಹಿಂದೆ ಬಂದಳು.

ಹಿಂದಿನಿಂದ ಬಂದ ಒಂದು ಟೆಂಪೋ ದೂರದಲ್ಲಿಯೇ ನಿಂತಿತು. ಅದರ ಚಾಲಕ ಖಾದರ ಎಂಬವನು ಬಾಯಲ್ಲಿದ್ದ ಬೀಡಿಯನ್ನು ನೀರಿಗೆ ಎಸೆದು ಕೂಗಿದ. "ಗಾಡಿ ಹತ್ರ ಹೋಗಬ್ಯಾಡ್ರೀ ಚಾಚಾ! ಗ್ಯಾಸ್ ಸೋರಾಕತ್ತೈತಿ, ಇಲ್ಲಿತನಾ ಬಡ್ಯಾಕತ್ತೈತಿ. ನಿಮಗ ಹ್ಯಾಂಗ ತಿಳೀಲಿಲ್ಲ?"

ಎಲ್ಲರನ್ನೂ ಅವನೇ ಹತ್ತಿಸಿಕೊಂಡು ಬಂದ. ಇನ್ನಷ್ಟು ಹೊತ್ತು ಒಳಗಿದ್ದಿದ್ದರೆ ತಾಯಿ ಮಗು ಇಬ್ಬರೂ ಇರುತ್ತಿರಲಿಲ್ಲ ಎಂದು ಡಾಕ್ಟರಮ್ಮ ಹೇಳಿದರು. ರಾತ್ರಿ ಹೆಣ್ಣುಮಗು ಹುಟ್ಟಿತು. ಸಣ್ಣದು, ಆದರೆ ಅಳು ಜೋರಾಗಿದೆ.

೩೦ ಆಗಸ್ಟ್, ಶನಿವಾರ

ಜಹೀದಾ ಇವತ್ತು ಎದ್ದು ಕೂತಿದ್ದಾಳೆ. ಅಕ್ಕ ಮಗುವನ್ನು ತೊಳೆಯಲು ಒಯ್ದಾಗ ನಾವಿಬ್ಬರೇ ಇದ್ದೆವು. ನಾನು ತಲೆ ತಗ್ಗಿಸಿ, "ನಿನಗ ಖರೇನ ಬಂತಾ, ಅಮ್ಮಿ ವಾಸನಿ?" ಎಂದು ಕೇಳಿದೆ.

ಅವಳು ಕಣ್ಣು ತುಂಬಿಕೊಂಡಳು.

"ಇಲ್ಲ ಅಬ್ಬಾ. ಗ್ಯಾಸ್ ಗ್ಯಾಸ್ ಅಂತ ಎಷ್ಟ ಸಲ ಹೇಳಿದೆ, ನೀವ್ ನಿಲ್ಲಿಸಲಿಲ್ಲ. ನನ್ನ ಮಾತಿಗೆ ನಿಲ್ಲಂಗಿಲ್ಲ ನೀವು. ಆಕಿ ಹೆಸರ ಹೇಳಿದ್ರ ನಿಲ್ತೀರಿ ಅನಿಸ್ತು. ಸುಳ್ಳ ಹೇಳಿದೆ. ಮಾಫ್ ಮಾಡ್ರಿ."

ಮಾಫಿ ಕೇಳುವವಳು ಅವಳಂತೆ! ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಬದುಕಿರುವ ಮಗಳು ಅತ್ತು ಕರೆದರೂ ಕೇಳಲಿಲ್ಲ, ಸತ್ತವಳ ಹೆಸರಿಗೆ ಬ್ರೇಕು ಒತ್ತಿದೆ. ಆರು ತಿಂಗಳಿನಿಂದ ನನಗೆ ಯಾವ ವಾಸನೆಯೂ ಬಂದಿಲ್ಲ. ಬಳ್ಳೊಳ್ಳಿಯೂ ಇಲ್ಲ, ಗುಲಾಬವೂ ಇಲ್ಲ. ಟೀಚರ್ ಹುಬ್ಬು ಸುಟ್ಟದ್ದು ನನ್ನಿಂದ. ಇದನ್ನು ಇವತ್ತು ಬರೆಯುತ್ತಿದ್ದೇನೆ, ಅಂದೇ ಒಳಗೆಲ್ಲೋ ಗೊತ್ತಿತ್ತು ಎಂದು ಕಾಣುತ್ತದೆ. ಒಪ್ಪಿಕೊಂಡರೆ ಅವಳನ್ನೂ ಬಿಡಬೇಕಾಗುತ್ತಿತ್ತು.

ಒಂದನ್ನು ಮಾತ್ರ ಜಹೀದಾಳಿಗೆ ಹೇಳಲಿಲ್ಲ. ಅವಳು ಆ ಸುಳ್ಳು ಹೇಳಿದ ಕ್ಷಣದಲ್ಲಿ ಸುಗರಾಳ ವಾಸನೆ ದೀಪ ಆರಿಸಿದಂತೆ ನಿಂತುಹೋಯಿತು. ಆ ಜಾಗದಲ್ಲಿ ಕೊಳೆತ ವಾಸನೆ, ಗ್ಯಾಸಿನದು, ಮೂಗು ಸೀಳುವಂತೆ ಬಂತು. ಒಂದೇ ಒಂದು ಉಸಿರು. ಅದು ಬರದಿದ್ದರೆ ನಾನು ಹೆದರಿ ಇನ್ನೂ ಜೋರಾಗಿ ಓಡಿಸುತ್ತಿದ್ದೆ, ಕೀಲಿ ತಿರುಗಿಸುತ್ತಿರಲಿಲ್ಲ. ಆಮೇಲೆ ಮೂಗು ಮತ್ತೆ ಸತ್ತಿದೆ. ಗ್ಯಾಸೂ ಇಲ್ಲ, ಸುಗರಾಳೂ ಇಲ್ಲ. ಇಲ್ಲಿಯ ಕಿವಿ ಮೂಗಿನ ಡಾಕ್ಟರು ನೋಡಿ, ನೆಗಡಿಯಿಂದ ಹೀಗಾಗುವುದುಂಟು, ಇಲ್ಲದ ವಾಸನೆ ಬರುವುದೂ ಉಂಟು ಎಂದರು. ಆ ಒಂದು ಉಸಿರಿನ ಬಗ್ಗೆ ಕೇಳಿದಾಗ ತಲೆ ಅಲ್ಲಾಡಿಸಿದರು. ಅದನ್ನು ಯಾರು ಕೊಟ್ಟರೆಂದು ನನಗೆ ಗೊತ್ತು. ಕೊಟ್ಟು ಹೋದಳು.

ಗಾಡಿಯನ್ನು ಸಿದ್ದರಾಮೇಶ ಎಳೆಸಿಕೊಂಡು ಹೋಗಿದ್ದಾನೆ. ಟ್ಯಾಂಕಿನ ಬಾಯಿಯಲ್ಲಿ ಒಂದು ಜೋಡಣೆ ಸಡಿಲಾಗಿತ್ತಂತೆ. ಇಷ್ಟು ದಿನದಲ್ಲಿ ಒಮ್ಮೆ ನೊರೆ ಹಚ್ಚಿದ್ದರೆ ಸಾಕಿತ್ತು. ಗ್ಯಾಸು ಇರ್ಲ್ಯೋ, ಕಿತ್ತಿ ಒಗೀಲ್ಯೋ ಎಂದು ಫೋನಿನಲ್ಲಿ ಕೇಳಿದ. ಮಗಳನ್ನು ಕೇಳಿ ಹೇಳುತ್ತೇನೆ ಎಂದೆ. ಅವನು ಫೋನು ಸರಿಯಾಗಿ ಕೇಳುತ್ತಿಲ್ಲವೆಂದು ಇನ್ನೊಮ್ಮೆ ಕೇಳಿದ.

ಅಕ್ಕ ಮಗುವನ್ನು ತಂದು ನನ್ನ ಮಡಿಲಲ್ಲಿ ಹಾಕಿದಳು. "ನೆತ್ತಿ ಮೂಸಿ ನೋಡು. ಇಂಥಾದ್ದು ನಿನ್ನ ಪೆಟ್ಟಗ್ಯಾಗ ಇಲ್ಲ." ಬಗ್ಗಿ ಮೂಸಿದೆ. ಬೆಚ್ಚಗೆ, ಮೆತ್ತಗೆ ಇತ್ತು. ಅಷ್ಟೇ. ನೀರು ಮೂಸಿದ ಹಾಗೆ. ಆಹಾ ಎಂದು ಹೇಳಿಬಿಡಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ.

"ನನಗ ವಾಸನಿ ಬರಂಗಿಲ್ಲ, ಬೇಟಾ" ಎಂದೆ. ಮನೆಯವರ ಮುಂದೆ ಆ ಮಾತನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. "ಹ್ಯಾಂಗ ಐತಿ, ನೀನ ಹೇಳು."

ಜಹೀದಾ ಮಗುವನ್ನು ಎತ್ತಿಕೊಂಡು ನೆತ್ತಿಗೆ ಮೂಗು ಹಚ್ಚಿ, ಕಣ್ಣು ಮುಚ್ಚಿ, ಒಂದೊಂದಾಗಿ ಹೇಳತೊಡಗಿದಳು. ನಾನು ಕೇಳುತ್ತ ಕೂತೆ. ಅವಳು ಹೇಳಿದ್ದನ್ನೆಲ್ಲ ನಂಬಿದೆ.